ಮತ್ತೆ ಓದುವುದೋ, ಪುಸ್ತಕ ಮುಚ್ಚಿಡುವುದೋ? ಕೆಲಸದಲ್ಲಿ ಮುಂದೆ ಬರಲು ಇರುವ ದಾರಿಗಳ ಹೋಲಿಕೆ

ಕೆಲಸದಲ್ಲಿ ಮುಂದೆ ಬರಬೇಕು ಅಂತ ಹೊರಟವರಿಗೆ ಸಲಹೆಗೇನೂ ಬರ ಇಲ್ಲ. ತೊಂದರೆ ಏನೆಂದರೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಬೆಳಗಿನ ಜಾವಕ್ಕೇ ಏಳಿ ಎನ್ನುತ್ತಾರೆ, ಇನ್ನೊಬ್ಬರು ನಿದ್ದೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಒಬ್ಬರಿಗೆ ದೊಡ್ಡ ಕನಸು ಮುಖ್ಯ, ಇನ್ನೊಬ್ಬರಿಗೆ ಪುಟ್ಟ ಹೆಜ್ಜೆ. ಕೊನೆಗೆ ಎಲ್ಲರೂ "ಸಂಶೋಧನೆಯೇ ಹೇಳಿದೆ" ಎಂದು ಮುದ್ರೆ ಒತ್ತಿಬಿಡುತ್ತಾರೆ.

ತುಂಬಾ ವರ್ಷ ನಾನು ಆರಿಸಿಕೊಳ್ಳುತ್ತಿದ್ದದ್ದು ಮಾಡುವಾಗ ಹಿತ ಅನ್ನಿಸುವ ದಾರಿಯನ್ನೇ. ಆಮೇಲೆ ಆ ಪ್ರಯೋಗಗಳಲ್ಲಿ ನಿಜವಾಗಿ ಏನು ಮಾಡಿಸಿದ್ದರು, ಏನು ಸಿಕ್ಕಿತು ಎಂದು ಒಂದೊಂದಾಗಿ ಓದುತ್ತಾ ಹೋದೆ. ಒಂದು ವಿಷಯ ಪದೇ ಪದೇ ಕಣ್ಣಿಗೆ ಬಿತ್ತು. "ಹಾಂ, ನನಗೆ ಬರ್ತಾ ಇದೆ" ಅನ್ನಿಸುವ ದಾರಿ ಒಂದು, ಅಳೆದು ನೋಡಿದಾಗ ಫಲ ಕೊಡುವ ದಾರಿ ಇನ್ನೊಂದು. ಕೆಳಗಿನ ಹೋಲಿಕೆಗಳನ್ನು ಅದೇ ಗುಮಾನಿ ಇಟ್ಟುಕೊಂಡು ಬರೆದಿದ್ದೇನೆ. ಎಲ್ಲ ಕಡೆಯೂ ಒಂದು ಗೆದ್ದು ಇನ್ನೊಂದು ಸೋಲುವುದಿಲ್ಲ. ಕೆಲವು ಕಡೆ ಉತ್ತರ ನಿಮ್ಮ ಕೆಲಸ ಎಂಥದ್ದು ಎನ್ನುವುದರ ಮೇಲೆ ನಿಂತಿದೆ.

ಮತ್ತೆ ಮತ್ತೆ ಓದುವುದೋ, ಮುಚ್ಚಿಟ್ಟು ನೆನಪಿಸಿಕೊಳ್ಳುವುದೋ?

ಕೆಲವು ವರ್ಷಗಳ ಹಿಂದೆ ನಾನಿದ್ದ ಕಡೆಯೇ ಮೇಲಿನ ಹುದ್ದೆಗೆ ಒಂದು ಸಂದರ್ಶನ ಇತ್ತು. ಓದಬೇಕಿದ್ದದ್ದು ಇನ್ನೂರು ಪುಟದ ಕೈಪಿಡಿ. ಮೂರು ಸಲ ಓದಿದೆ. ಹಳದಿ ಮಾರ್ಕರ್ ಹಿಡಿದು ಗೆರೆ ಎಳೆದೆ. ಮೂರನೇ ಸಲಕ್ಕೆ ಬರುವಷ್ಟರಲ್ಲಿ ಗೆರೆ ಇಲ್ಲದ ಸಾಲನ್ನೇ ಹುಡುಕಬೇಕಿತ್ತು. ಪುಟ ತಿರುಗಿಸುವಾಗ "ಇದು ಗೊತ್ತು, ಇದೂ ಗೊತ್ತು" ಅನ್ನಿಸುತ್ತಿತ್ತು. ಸಂದರ್ಶನದಲ್ಲಿ ಮೊದಲನೇ ಪ್ರಶ್ನೆ ಕೇಳಿದರು. ಅದರ ಉತ್ತರ ಎಡಗಡೆ ಪುಟದ ಕೆಳಗೆ, ಒಂದು ಚೌಕದೊಳಗೆ ಇದೆ ಎಂದು ನೆನಪಾಯಿತು. ಚೌಕದೊಳಗೆ ಏನಿತ್ತು ಎಂದು ಮಾತ್ರ ನೆನಪಾಗಲಿಲ್ಲ.

ಇದಕ್ಕೆ ಸರಿಯಾದ ವಿವರಣೆ ಸಿಕ್ಕಿದ್ದು 2006ರ ಒಂದು ಅಧ್ಯಯನದಲ್ಲಿ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಎರಡನೇ ಸಲ ಓದಿದರು. ಉಳಿದವರು ಪಾಠ ನೋಡದೆ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದರೆ ಮತ್ತೆ ಓದಿದವರದೇ ಮೇಲುಗೈ: ಅವರಿಗೆ ಶೇ. 81, ಬರೆದವರಿಗೆ ಶೇ. 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಆಟ ತಿರುಗಿತು. ಮತ್ತೆ ಓದಿದವರು ಶೇ. 42ಕ್ಕೆ ಇಳಿದಿದ್ದರು. ಬರೆದವರು ಶೇ. 56ರಲ್ಲಿ ನಿಂತಿದ್ದರು.

ಅದೇ ಅಧ್ಯಯನದ ಎರಡನೇ ಭಾಗದಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಇದೆ. ಅಲ್ಲಿ ಒಂದು ಗುಂಪು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೆನಪಿಸಿಕೊಂಡು ಬರೆಯಿತು. "ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು?" ಎಂದು ಕೇಳಿದಾಗ, ಜಾಸ್ತಿ ಧೈರ್ಯದಿಂದ ಹೇಳಿದವರು ನಾಲ್ಕು ಸಲ ಓದಿದವರೇ. ವಾರದ ನಂತರ ಅವರಿಗೆ ಉಳಿದಿದ್ದು ಸುಮಾರು ಶೇ. 40, ಇನ್ನೊಂದು ಗುಂಪಿಗೆ ಸುಮಾರು ಶೇ. 61. ನನ್ನ ಹಳದಿ ಪುಟಗಳ ಕತೆಯೂ ಇಷ್ಟೇ. ಕಣ್ಣಿಗೆ ಪರಿಚಯವಾಗಿದ್ದನ್ನು ನಾನು ಕಲಿತದ್ದು ಎಂದುಕೊಂಡಿದ್ದೆ.

2013ರಲ್ಲಿ ಜಾನ್ ಡನ್‌ಲೋಸ್ಕಿ ಮತ್ತು ಜೊತೆಗಾರರು ಹತ್ತು ಕಲಿಕೆಯ ವಿಧಾನಗಳನ್ನು ಸಾಲಾಗಿ ಇಟ್ಟು ತೂಗಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಮತ್ತು ಓದನ್ನು ದಿನಗಳ ಅಂತರ ಕೊಟ್ಟು ಹರಡುವುದು. ಗೆರೆ ಎಳೆಯುವುದು, ಮತ್ತೆ ಓದುವುದು ಎರಡೂ ಕೆಳಗಿನ ದರ್ಜೆಗೆ ಹೋದವು.

ಎಷ್ಟು ಅಂತರ ಕೊಡಬೇಕು? ಇದನ್ನು ನಿಕೋಲಸ್ ಸೆಪೆಡಾ ತಂಡ 2008ರಲ್ಲಿ 1,350ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿತು. ಒಂದು ವಾರದ ನಂತರ ಬೇಕಾಗುವ ವಿಷಯವಾದರೆ, ಮೊದಲ ಓದಿಗೂ ಎರಡನೆಯದಕ್ಕೂ ಒಂದು ದಿನದ ಅಂತರ ಸಾಕು. ಸುಮಾರು ಒಂದು ವರ್ಷ ನೆನಪಿರಬೇಕಾದರೆ ಮೂರು ವಾರದ ಅಂತರ ಒಳ್ಳೆಯದು. ಅಂದರೆ ಎರಡು ದಿನದ ತರಬೇತಿಗೆ ಹೋಗಿ ಬಂದು, ಆ ಕಡತವನ್ನು ಮತ್ತೆ ತೆರೆಯದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಬಹುದು, ಅಲ್ವಾ?

ಈಗ ನಾನು ಮಾಡುವುದು ಇಷ್ಟು. ಮೀಟಿಂಗ್ ಮುಗಿದ ಮೇಲೆ ನೋಟ್‌ಬುಕ್ ಮುಚ್ಚಿ, ಖಾಲಿ ಹಾಳೆ ತೆಗೆದು, ಏನು ತೀರ್ಮಾನವಾಯಿತು, ಯಾರು ಏನು ಮಾಡಬೇಕು, ನನಗೆ ಅರ್ಥವಾಗದೆ ಉಳಿದದ್ದು ಯಾವುದು ಎಂದು ಬರೆಯುತ್ತೇನೆ. ಆಮೇಲೆ ನೋಟ್‌ಬುಕ್ ತೆರೆದು ಹೋಲಿಸುತ್ತೇನೆ. ಮೊದಮೊದಲು ಮುಜುಗರವಾಗುತ್ತದೆ. ಹತ್ತು ನಿಮಿಷದ ಹಿಂದೆ ತಲೆಯಾಡಿಸಿದ ಮಾತೇ ನೆನಪಿರುವುದಿಲ್ಲ! ಆ ತಡಕಾಟವೇ ಇಲ್ಲಿ ಕೆಲಸ ಮಾಡುತ್ತಿರುವುದು.

ಹಾಗಂತ ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಬೇಕಾದಾಗ ತೆರೆದು ನೋಡಬಹುದಾದ ನಿಯಮ, ಅಂಕಿಅಂಶಗಳಿಗೆ ಒಂದು ಒಳ್ಳೆಯ ಪಟ್ಟಿ ಸಾಕು. ಎದುರಿಗೆ ಜನ ಕೂತಿರುವಾಗ ತಲೆಯಿಂದಲೇ ಬರಬೇಕಾದದ್ದಕ್ಕೆ ಮಾತ್ರ ಈ ಶ್ರಮ. ಇನ್ನು, "ನಾನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು" ಎಂಬ ಕಲಿಕೆಯ ಶೈಲಿಗಳ ಮಾತನ್ನು ಸುಮ್ನೆ ಪಕ್ಕಕ್ಕಿಡಿ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಹುಡುಕಿ ನೋಡಿದಾಗ, ಶೈಲಿಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ದೊಡ್ಡ ಸಂಕಲ್ಪವೋ, "ಹೀಗಾದಾಗ ಹೀಗೆ" ಎಂಬ ಪುಟ್ಟ ಸಾಲೋ?

"ಈ ವರ್ಷ ನನ್ನ ಬರವಣಿಗೆ ಸುಧಾರಿಸಬೇಕು." ಇದು ಸಂಕಲ್ಪ.

"ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ತಕ್ಷಣ, ಮೇಲ್ ತೆರೆಯುವ ಮೊದಲು, ಕಳೆದ ವಾರದ ವರದಿಯ ಮೊದಲ ಪುಟವನ್ನು ಮತ್ತೆ ಬರೆಯುತ್ತೇನೆ." ಇದು ಯೋಜನೆ.

ಮೊದಲನೆಯದನ್ನು ಹೇಳುವಾಗ ಎದೆ ಉಬ್ಬುತ್ತದೆ. ಎರಡನೆಯದು ಕೇಳಲು ದಿನಸಿ ಚೀಟಿಯ ಹಾಗಿದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಜೊತೆಗಾರರು 2002ರಲ್ಲಿ ವ್ಯಾಯಾಮದ ವಿಷಯದಲ್ಲಿ ಅಳೆದರು. ಒಂದು ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಎರಡನೆಯದಕ್ಕೆ ವ್ಯಾಯಾಮದಿಂದ ಹೃದಯಕ್ಕೆ ಎಷ್ಟು ಒಳ್ಳೆಯದು ಎಂಬ ಪ್ರೇರಣೆಯ ಓದು ಕೊಟ್ಟರು. ಮೂರನೆಯದಕ್ಕೆ ಅದರ ಜೊತೆಗೆ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿದರು. ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 35, ಮೂರನೆಯದರಲ್ಲಿ ಶೇ. 91. ಬರೀ ಹುರುಪು ತುಂಬಿದ್ದರಿಂದ ಏನೂ ಹೆಚ್ಚಲಿಲ್ಲ ಎನ್ನುವುದನ್ನು ಗಮನಿಸಿ. ಹುರುಪಿನ ವಿಡಿಯೋ ನೋಡುತ್ತಾ ಭಾನುವಾರಗಳನ್ನೇ ಕಳೆದ ನನಗೆ ಇದು ಸ್ವಲ್ಪ ಚುಚ್ಚಿತು.

ಒಂದೇ ಅಧ್ಯಯನವನ್ನು ನಂಬಿ ಕೂರಬಾರದು, ನಿಜ. ಆದರೆ ಪೀಟರ್ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ವಿಧಾನಕ್ಕೆ ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚಿನ ಪರಿಣಾಮ ಕಂಡಿತು. ಕಾರಣ ಸರಳ. "ಯಾವಾಗ ಮಾಡಲಿ?" ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟಿದ್ದರೆ, ಆ ಹೊತ್ತು ಬಂದಾಗ ಮನಸ್ಸು ಚೌಕಾಸಿಗೆ ಕೂರುವುದಿಲ್ಲ.

ಹಾಗಾದರೆ ಗುರಿಯೇ ಬೇಡವೇ? ಬೇಕು. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ತೋರಿಸಿದ್ದು ಇದನ್ನೇ: "ಕೈಲಾದಷ್ಟು ಮಾಡು" ಎನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ. ಆದರೆ ಒಂದು ತಿರುವು ಇದೆ. ಕೆಲಸ ಹೊಸದು, ಗೋಜಲು ಎನ್ನುವಾಗ ಸಂಖ್ಯೆಯ ಗುರಿ ಕಾಲಿಗೆ ತೊಡರುತ್ತದೆ. ಅಲ್ಲಿ ಕಲಿಯುವ ಗುರಿ ವಾಸಿ. ಹೊಸದಾಗಿ ಮಾರಾಟದ ವಿಭಾಗಕ್ಕೆ ಬಂದವರಿಗೆ "ತಿಂಗಳಿಗೆ ಇಪ್ಪತ್ತು ಗ್ರಾಹಕರು" ಎನ್ನುವುದಕ್ಕಿಂತ "ಗ್ರಾಹಕರು ಬೇಡ ಎನ್ನಲು ಇರುವ ಐದು ಕಾರಣಗಳನ್ನು ಪತ್ತೆ ಮಾಡು" ಎನ್ನುವುದು ಮೊದಲ ತಿಂಗಳಿಗೆ ಸರಿ. ಕೈ ಕುದುರಿದ ಮೇಲೆ ಸಂಖ್ಯೆ ಇಟ್ಟುಕೊಳ್ಳಿ.

ಕನಸು ಕಾಣುವ ವಿಷಯವೂ ಇಲ್ಲೇ ಬರುತ್ತದೆ. ಗೇಬ್ರಿಯೆಲೆ ಓಟಿಂಗನ್ ಮತ್ತು ಡೋರಿಸ್ ಮೇಯರ್ ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಎರಡು ವರ್ಷದ ನಂತರ ಮತ್ತೆ ಮಾತಾಡಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. "ನನಗೆ ಕೆಲಸ ಸಿಕ್ಕೀತು" ಎಂದು ಅನುಭವದ ಮೇಲೆ ನಂಬಿದ್ದವರಿಗೆ ಒಳ್ಳೆಯದಾಗಿತ್ತು. ಆದರೆ ಕೆಲಸ ಸಿಕ್ಕ ಹಾಗೆ, ಸಂಬಳ ಎಣಿಸಿದ ಹಾಗೆ ಬಣ್ಣಬಣ್ಣದ ಚಿತ್ರ ಕಾಣುತ್ತಿದ್ದವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಸಿಕ್ಕ ಅವಕಾಶಗಳೂ ಕಡಿಮೆ, ಸಂಬಳವೂ ಕಡಿಮೆ. ಮನಸ್ಸು ಊಟ ಮುಗಿಸಿದವರ ಹಾಗೆ ಎಲೆ ಮಡಚಿಬಿಡುತ್ತದೆ ಅನ್ನಿಸುತ್ತದೆ.

ಮನೋಬಲವೋ, ಅಭ್ಯಾಸವೋ?

ಮನೋಬಲ ಬ್ಯಾಟರಿಯ ಹಾಗೆ, ಬಳಸಿದಷ್ಟೂ ಖಾಲಿಯಾಗುತ್ತದೆ ಎಂಬ ಮಾತು ನೀವು ಕೇಳಿರಬಹುದು. 1998ರಲ್ಲಿ ರಾಯ್ ಬೌಮೈಸ್ಟರ್ ತಂಡದ ಪ್ರಯೋಗದಿಂದ ಅದಕ್ಕೆ ಹೆಸರು ಬಂತು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂದು ನಿಂತಿತು. ಹಾಗಾಗಿ "ಸಂಜೆಗೆ ನನ್ನ ಮನೋಬಲ ಮುಗಿದಿತ್ತು" ಎಂಬ ನೆಪವನ್ನು ನಾನೀಗ ಜಾಸ್ತಿ ಬಳಸುವುದಿಲ್ಲ.

ಮನೋಬಲವನ್ನು ನೆಚ್ಚಿಕೊಳ್ಳುವುದಕ್ಕಿಂತ ಅಭ್ಯಾಸ ಬೆಳೆಸುವುದು ಮೇಲು. ಅದಕ್ಕೆ 21 ದಿನ ಸಾಕು ಎನ್ನುವುದನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕೆಲಸ ತಾನೇ ತಾನಾಗಿ ನಡೆಯುವಂತಾಗಲು ಹಿಡಿದದ್ದು 18ರಿಂದ 254 ದಿನ. ಮಧ್ಯದ ಅಂಕಿ 66. ಒಂದು ಲೋಟ ನೀರು ಕುಡಿಯುವುದು ಬೇಗ ಅಭ್ಯಾಸವಾಗುತ್ತದೆ, ವ್ಯಾಯಾಮ ತಡವಾಗುತ್ತದೆ. ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತು ಎಂದು ಡೈರಿಯನ್ನೇ ಮೂಲೆಗೆ ಎಸೆದವರಲ್ಲಿ ನಾನೂ ಒಬ್ಬ.

"ಹೇಗಿತ್ತು?" ಎಂದು ಕೇಳುವುದೋ, ಒಂದೇ ಪ್ರಶ್ನೆ ಕೇಳುವುದೋ?

ಒಂದು ಸಲ ನಾನು ಸಿದ್ಧಮಾಡಿದ ವರದಿಯನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟು ಕೇಳಿದೆ.

"ಹೇಗಿತ್ತು?"

"ಚೆನ್ನಾಗಿತ್ತು."

ಅಷ್ಟೇ. ಇಬ್ಬರೂ ನಕ್ಕು ಎದ್ದೆವು. ಮುಂದಿನ ಸಲ ಪ್ರಶ್ನೆ ಬದಲಾಯಿಸಿದೆ.

"ಓದುವಾಗ ಎಲ್ಲಿ ನಿಂತುಬಿಟ್ಟಿರಿ?"

ಅವರು ಸ್ವಲ್ಪ ಹೊತ್ತು ಪುಟ ತಿರುಗಿಸಿದರು. "ನಾಲ್ಕನೇ ಪುಟ. ಆ ಕೋಷ್ಟಕ ಇಲ್ಲಿ ಯಾಕಿದೆ ಅಂತ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ, ನಿಜ ಹೇಳಬೇಕೆಂದರೆ, ಓದಲಿಲ್ಲ."

ಕೇಳಲು ಹಿತವಾಗಿರಲಿಲ್ಲ. ಕೋಷ್ಟಕ ಕಿತ್ತು ಹಾಕಿದೆ.

ಅಭಿಪ್ರಾಯ ಎಷ್ಟು ಸಿಕ್ಕರೆ ಅಷ್ಟು ಒಳ್ಳೆಯದು ಎಂದುಕೊಂಡಿದ್ದರೆ ಇದನ್ನು ಕೇಳಿ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನೀಸಿ 1996ರಲ್ಲಿ ಅಭಿಪ್ರಾಯ ಕೊಡುವುದರ ಬಗ್ಗೆ ನಡೆದಿದ್ದ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸರಾಸರಿಯಲ್ಲಿ ಲಾಭವಿತ್ತು. ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂದರ್ಭಗಳಲ್ಲಿ ಅಭಿಪ್ರಾಯ ಕೊಟ್ಟ ಮೇಲೆ ಕೆಲಸ ಕೆಟ್ಟಿತ್ತು! ಅವರು ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಯಿತು. ಗಮನ ಕೆಲಸದಿಂದ ತಪ್ಪಿ "ನಾನು ಎಂಥವನು" ಎನ್ನುವುದರ ಕಡೆಗೆ ಹೋದಷ್ಟೂ ಅಭಿಪ್ರಾಯದ ಪ್ರಯೋಜನ ಇಳಿಯುತ್ತದೆ. "ನೀನು ಬುದ್ಧಿವಂತ" ಎಂಬ ಹೊಗಳಿಕೆಯೂ ಇದಕ್ಕೆ ಹೊರತಲ್ಲ. ಆದ್ದರಿಂದ ಅಭಿಪ್ರಾಯ ಕೇಳುವಾಗ ಪುಟ, ಸಾಲು, ನಿಮಿಷದ ಲೆಕ್ಕದಲ್ಲಿ ಕೇಳಿ. ಕೊಡುವಾಗಲೂ ಹಾಗೇ ಕೊಡಿ.

ಕೇಳಲು ಸಂಕೋಚವೇ? ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ತೋರಿಸಿದ ಹಾಗೆ, ಜನ ಸಹಾಯ ಮಾಡಲು ಒಪ್ಪುವ ಸಾಧ್ಯತೆಯನ್ನು ನಾವು ತೀರಾ ಕಡಿಮೆ ಅಂದಾಜು ಮಾಡುತ್ತೇವೆ. ಐದು ಪ್ರಶ್ನಾವಳಿ ತುಂಬಿಸಲು ಸುಮಾರು 20 ಜನರನ್ನು ಕೇಳಬೇಕಾದೀತು ಎಂದುಕೊಂಡವರಿಗೆ ಸುಮಾರು ಹತ್ತು ಜನರನ್ನು ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ವರ್ಷಗಳ ಅನುಭವವೋ, ಗುರಿಯಿಟ್ಟ ಅಭ್ಯಾಸವೋ?

ಹತ್ತು ಸಾವಿರ ಗಂಟೆಯ ಲೆಕ್ಕ ಹುಟ್ಟಿದ್ದು ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಿಂದ. ಅದು ಒಂದು ಗುಂಪಿನ ಸರಾಸರಿ ಮಾತ್ರ, ದಾಟಿದರೆ ಬಾಗಿಲು ತೆರೆಯುವ ಗೆರೆ ಅಲ್ಲ. ಎರಿಕ್ಸನ್ ಹೇಳಿದ ಅಭ್ಯಾಸವೂ ಸುಮ್ನೆ ಮಾಡುತ್ತಾ ಹೋಗುವುದಲ್ಲ. ಬಾರದ ಭಾಗವನ್ನೇ ಬೇರೆ ಮಾಡಿ, ತಪ್ಪು ತಕ್ಷಣ ಗೊತ್ತಾಗುವಂತೆ, ಮತ್ತೆ ಮತ್ತೆ ತಿದ್ದಿಕೊಳ್ಳುವುದು.

2014ರಲ್ಲಿ ಬ್ರೂಕ್ ಮೆಕ್‌ನಮಾರಾ ಮತ್ತು ಜೊತೆಗಾರರು ಈ ಅಭ್ಯಾಸ ಎಷ್ಟರ ಮಟ್ಟಿಗೆ ಜನರ ನಡುವಿನ ವ್ಯತ್ಯಾಸವನ್ನು ವಿವರಿಸುತ್ತದೆ ಎಂದು ಲೆಕ್ಕ ಹಾಕಿದರು. ಚದುರಂಗದಂಥ ಆಟಗಳಲ್ಲಿ ಶೇ. 26, ಸಂಗೀತದಲ್ಲಿ ಶೇ. 21, ಕ್ರೀಡೆಯಲ್ಲಿ ಶೇ. 18, ಓದಿನಲ್ಲಿ ಶೇ. 4. ವೃತ್ತಿಗಳಲ್ಲಿ? ಶೇ. 1ಕ್ಕೂ ಕಡಿಮೆ. ಇದನ್ನು ಓದಿ ಅಭ್ಯಾಸವೇ ದಂಡ ಎಂದುಕೊಳ್ಳಬೇಡಿ. ಚದುರಂಗದಲ್ಲಿ ತಪ್ಪು ನಡೆ ಅಲ್ಲೇ ಗೊತ್ತಾಗುತ್ತದೆ. ಆಫೀಸಿನಲ್ಲಿ ಇವತ್ತು ತೆಗೆದುಕೊಂಡ ತೀರ್ಮಾನ ಸರಿಯೋ ತಪ್ಪೋ ಎಂದು ತಿಳಿಯುವ ಹೊತ್ತಿಗೆ ನೀವು ಬೇರೆ ತಂಡದಲ್ಲಿ ಇರುತ್ತೀರಿ. ವೃತ್ತಿಯಲ್ಲಿ ಅಭ್ಯಾಸವನ್ನು ಅಳೆಯುವುದೂ ಕಷ್ಟ, ಮಾಡುವುದೂ ಕಷ್ಟ.

ಹಾಗಾದರೆ ಅನುಭವವನ್ನೇ ನಂಬಬಹುದೇ? 2005ರಲ್ಲಿ ನಿತೀಶ್ ಚೌಧರಿ ಮತ್ತು ಜೊತೆಗಾರರು ವೈದ್ಯರ ಬಗೆಗಿನ 62 ಅಧ್ಯಯನಗಳನ್ನು ಪರಿಶೀಲಿಸಿದರು. ಅರ್ಧಕ್ಕೂ ಸ್ವಲ್ಪ ಹೆಚ್ಚಿನವುಗಳಲ್ಲಿ, ವೃತ್ತಿಯಲ್ಲಿ ವರ್ಷ ಹೆಚ್ಚಾದಂತೆ ಅಳೆದ ಗುಣಮಟ್ಟ ಇಳಿದಿತ್ತು. ವರ್ಷ ಕಳೆಯುವುದರಿಂದ ಧೈರ್ಯ ಬರುತ್ತದೆ, ಅದು ನಿಜ. ಆದರೆ ಅದರ ಜೊತೆ ಕೌಶಲವೂ ಬಂತು ಎಂದುಕೊಳ್ಳುವ ಹಾಗಿಲ್ಲ. ನನ್ನ ಮಟ್ಟಿಗೆ ಇದಕ್ಕೆ ಮದ್ದು ಒಂದು ಹಳೇ ನೋಟ್‌ಬುಕ್. ಮುಖ್ಯ ತೀರ್ಮಾನ ತೆಗೆದುಕೊಂಡ ದಿನ ಏನಾಗುತ್ತದೆ ಎಂದು ಊಹಿಸಿದೆ, ಯಾಕೆ ಎಂದು ಎರಡು ಸಾಲು ಬರೆದು, ತಿರುಗಿ ನೋಡುವ ತಾರೀಖು ಹಾಕುತ್ತೇನೆ. ಹಳೆಯ ಊಹೆಗಳನ್ನು ಓದುವುದು ಒಳ್ಳೆಯ ಮನರಂಜನೆಯೂ ಹೌದು.

ಜಾಸ್ತಿ ಹೊತ್ತು ಕೂರುವುದೋ, ಹೊತ್ತಿಗೆ ಮಲಗುವುದೋ?

ಇಲ್ಲಿ ನನಗೆ ಅನುಮಾನ ಕಡಿಮೆ. ಪೆನ್ಸಿಲ್ವೇನಿಯಾದ ಹ್ಯಾನ್ಸ್ ವ್ಯಾನ್ ಡಾಂಗನ್ ತಂಡ 2003ರಲ್ಲಿ 48 ಆರೋಗ್ಯವಂತರ ಮೇಲೆ ಮಾಡಿದ ಪ್ರಯೋಗದಲ್ಲಿ, ಹದಿನಾಲ್ಕು ದಿನ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ, ನೆನಪು ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಹೋಗಿ ಮುಟ್ಟಿತು. "ನಿದ್ದೆ ಬರ್ತಿದೆಯಾ?" ಎಂದರೆ ಅವರ ಉತ್ತರ ಮಾತ್ರ ಮೊದಲ ಕೆಲವು ದಿನಗಳ ನಂತರ ಅಷ್ಟಾಗಿ ಬದಲಾಗಲಿಲ್ಲ. ಕೆಲಸ ದಿನೇ ದಿನೇ ಕೆಡುತ್ತಿತ್ತು, ಅವರಿಗೆ ಅದರ ಅರಿವೇ ಇರಲಿಲ್ಲ. "ನನಗೆ ಐದು ಗಂಟೆ ಸಾಕು, ಅಭ್ಯಾಸ ಆಗಿದೆ" ಎನ್ನುವವರ ಮಾತನ್ನು ಇದನ್ನು ಓದಿದ ಮೇಲೆ ನಾನು ಸುಮ್ನೆ ಒಪ್ಪುವುದಿಲ್ಲ.

ಕೆಲಸದ ಗಂಟೆಗಳ ಬಗ್ಗೆ ಹಳೆಯ ದಾಖಲೆಯೊಂದಿದೆ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಲೆಕ್ಕವನ್ನು ಜಾನ್ ಪೆನ್‌ಕ್ಯಾವೆಲ್ 2014ರಲ್ಲಿ ಮತ್ತೆ ತೆಗೆದು ನೋಡಿದರು. ವಾರಕ್ಕೆ 49 ಗಂಟೆಯವರೆಗೆ ದುಡಿದಷ್ಟೂ ಉತ್ಪಾದನೆ. ಅದರಾಚೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಯಿತು. 70 ಗಂಟೆ ದುಡಿದ ವಾರದ ಉತ್ಪಾದನೆಗೂ 56 ಗಂಟೆಯ ವಾರಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅದು ಕೈಕೆಲಸ. ಕುರ್ಚಿಯ ಮೇಲಿನ ಕೆಲಸಕ್ಕೆ ಇದೇ ಗೆರೆ ಎಂದು ಹೇಳಲಾಗದು.

ಕೂತ ಹೊತ್ತಿನಲ್ಲಿ ಗಮನ ಎಲ್ಲಿರುತ್ತದೆ ಎನ್ನುವುದು ಬೇರೆ ಪ್ರಶ್ನೆ. ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು ಇದು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲಿನ ಅಧ್ಯಯನವೊಂದರಲ್ಲಿ ಅದಕ್ಕೆ ಸರಳ ಪರಿಹಾರವೂ ಸಿಕ್ಕಿತು. ಎದ್ದು ಹೋಗುವ ಮೊದಲು "ಎಲ್ಲಿ ನಿಲ್ಲಿಸಿದೆ, ಬಂದು ಏನು ಮಾಡುತ್ತೇನೆ" ಎಂದು ಒಂದು ನಿಮಿಷ ಬರೆದಿಡುವುದು. ಮೇಲ್ ವಿಷಯದಲ್ಲಿ ಕೊಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ 124 ಜನರಿಗೆ ಒಂದು ವಾರ ದಿನಕ್ಕೆ ಮೂರು ಸಲ ಮಾತ್ರ ನೋಡಿ, ಇನ್ನೊಂದು ವಾರ ಎಷ್ಟು ಬೇಕಾದರೂ ನೋಡಿ ಎಂದರು. ಮೂರು ಸಲದ ವಾರದಲ್ಲಿ ಒತ್ತಡ ಕಡಿಮೆ ಇತ್ತು. ಮೇಲ್‌ಗೆ ಉತ್ತರಿಸುವುದೇ ನಿಮ್ಮ ಕೆಲಸವಾಗಿದ್ದರೆ ಈ ಸಾಲನ್ನು ಓದಿಲ್ಲ ಎಂದುಕೊಳ್ಳಿ.

ಆಪ್ತ ಗೆಳೆಯರೋ, ಮುಖಪರಿಚಯದವರೋ?

ಹೊಸ ಕೆಲಸ ಹುಡುಕುವಾಗ ಮೊದಲು ಯಾರಿಗೆ ಹೇಳಬೇಕು? ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ಆ ವ್ಯಕ್ತಿಯನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ. ಉಳಿದವರು ಅಪರೂಪಕ್ಕೆ, ಯಾವಾಗಲೋ ಒಮ್ಮೆ ಕಾಣುತ್ತಿದ್ದವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರ ಕಿವಿಗೆ ಬೇರೆ ಸುದ್ದಿ ಬಿದ್ದಿರುತ್ತದೆ.

ಅವರು ಲೆಕ್ಕಕ್ಕೆ ತೆಗೆದುಕೊಂಡ ಜನ ತೀರಾ ಕಡಿಮೆ. ಆದರೆ 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ಹೆಚ್ಚು ಕೆಲಸಕ್ಕೆ ಬಂದದ್ದು ತೀರಾ ದೂರದವರೂ ಅಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವಿನವರು. ಡಿಜಿಟಲ್ ಕ್ಷೇತ್ರಗಳಲ್ಲಿ ದೂರದ ನಂಟು ಹೆಚ್ಚು ನೆರವಾಯಿತು. ಅಷ್ಟು ಡಿಜಿಟಲ್ ಅಲ್ಲದ ಕಡೆ ಹತ್ತಿರದವರೇ ವಾಸಿ. ಹಾಗಾಗಿ ಸಾಫ್ಟ್‌ವೇರಿನವರು ಮೂರು ವರ್ಷದ ಹಿಂದಿನ ಸಹೋದ್ಯೋಗಿಗೆ ಇವತ್ತೇ ಒಂದು ಸಾಲು ಬರೆಯಬಹುದು. ಬೇರೆ ಕಸುಬಿನವರು ಹತ್ತಿರದವರನ್ನೇ ಮೊದಲು ಕೇಳಿ ನೋಡಲಿ.

ಬೇಗ ಬೇಗ ಇನ್ನು ಮೂರು ಹೋಲಿಕೆ

ಮನೆಯೋ, ಆಫೀಸೋ? ಚೀನಾದ ದೊಡ್ಡ ಪ್ರವಾಸ ಕಂಪನಿಯೊಂದರಲ್ಲಿ ನಿಕೋಲಸ್ ಬ್ಲೂಮ್ ತಂಡ ಎರಡು ಸಲ ಪ್ರಯೋಗ ಮಾಡಿತು. 2015ರಲ್ಲಿ ಪ್ರಕಟವಾದದ್ದರಲ್ಲಿ, ಮನೆಯಿಂದ ಕೆಲಸ ಮಾಡಿದ ಕಾಲ್ ಸೆಂಟರ್ ನೌಕರರ ಸಾಧನೆ ಶೇ. 13 ಏರಿತು. ಆದರೆ ಸಾಧನೆಗೆ ತಕ್ಕ ಬಡ್ತಿ ಸಿಗಲಿಲ್ಲ, ಕಣ್ಣಿಗೆ ಬೀಳದಿದ್ದದ್ದೂ ಕಾರಣವಿರಬಹುದು. 2024ರಲ್ಲಿ ಬಂದದ್ದು 1,612 ಪದವೀಧರ ನೌಕರರ ಲೆಕ್ಕ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಬಡ್ತಿಗೂ ಸಾಧನೆಗೂ ಪೆಟ್ಟು ಬೀಳಲಿಲ್ಲ. ಆಯ್ಕೆ ಇದ್ದರೆ ನಾನು ಮಿಶ್ರ ವಾರವನ್ನೇ ಆರಿಸುತ್ತೇನೆ.

ಗಡುವು ಹೇಳುವಾಗ ಅಂದಾಜೋ, ಹಳೆಯ ದಾಖಲೆಯೋ? ದಾಖಲೆ. ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ, ಸರಾಸರಿ 33.9 ದಿನ ಸಾಕು ಎಂದರು. ಎಲ್ಲವೂ ಎಡವಟ್ಟಾದರೆ? 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಎಡವಟ್ಟಿನ ಲೆಕ್ಕವೂ ಸಾಲಲಿಲ್ಲ, ಅಲ್ವಾ? ಹಿಂದಿನ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ದಿನ ಬೇಕಾಯಿತು ಎಂದು ನೋಡಿ, ಅದನ್ನೇ ಹೇಳಿ.

ಸಂದರ್ಶನಕ್ಕೆ ಮೊದಲು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದೋ, ಇನ್ನೊಂದು ಸಲ ತಯಾರಿ ಮಾಡುವುದೋ? ಇಂಥ ಗತ್ತಿನ ಭಂಗಿಯಲ್ಲಿದ್ದರೆ ದೇಹದ ಹಾರ್ಮೋನೇ ಬದಲಾಗುತ್ತದೆ ಎಂದ 2010ರ ಅಧ್ಯಯನದಲ್ಲಿ ಇದ್ದದ್ದು 42 ಜನ. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನ್ ಬದಲಾಗಲಿಲ್ಲ. ಧೈರ್ಯ ಬಂದಂತೆ ಅನ್ನಿಸಿತು, ಅಷ್ಟೇ. ಮೊದಲ ಅಧ್ಯಯನದ ಮುಖ್ಯ ಲೇಖಕಿ ಡಾನಾ ಕಾರ್ನೆ ತಾವೇ 2016ರಲ್ಲಿ, ಆ ಪರಿಣಾಮ ನಿಜವೆಂದು ಈಗ ನಂಬುವುದಿಲ್ಲ ಎಂದು ಬರೆದರು. ಹಾಗೆ ಬರೆಯಲು ಎದೆಗಾರಿಕೆ ಬೇಕು.

ಇರುವುದೋ, ಬಿಡುವುದೋ?

ಈ ಕೆಲಸ ಬಿಡಲೇ ಬೇಡವೇ ಎಂದು ತಿಂಗಳುಗಟ್ಟಲೆ ತೂಗಾಡುವವರಿಗೆ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ವಿಚಿತ್ರ ಪ್ರಯೋಗ ಮಾಡಿದ್ದಾರೆ. ತೀರ್ಮಾನಕ್ಕೆ ಬರಲಾಗದವರು ವೆಬ್‌ಸೈಟಿಗೆ ಬಂದು ನಾಣ್ಯ ಚಿಮ್ಮಬಹುದಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿದರು. 2021ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೆಲಸ ಬಿಡುವಂಥ ದೊಡ್ಡ ವಿಷಯಗಳಲ್ಲಿ ನಾಣ್ಯ "ಬದಲಾಯಿಸು" ಎಂದು ಬಿದ್ದವರು ಬದಲಾಯಿಸಿದ್ದು ಜಾಸ್ತಿ. ಬದಲಾಯಿಸಿದವರು ಆರು ತಿಂಗಳ ನಂತರ ಹೆಚ್ಚು ಖುಷಿಯಾಗಿದ್ದರು.

ಇದನ್ನು ಓದಿದ ರಾತ್ರಿ ನಾನೂ ಒಂದು ನಾಣ್ಯ ಹುಡುಕಿದೆ, ಸುಳ್ಳು ಹೇಳುವುದಿಲ್ಲ. ಆದರೆ ಚಿಮ್ಮುವ ಮೊದಲು ಒಂದು ಮಾತು ತಿಳಿದಿರಲಿ. ಆ ಪ್ರಯೋಗಕ್ಕೆ ಬಂದವರು ಇತ್ತ ಇರಲೂ ಆಗದೆ, ಅತ್ತ ಹೋಗಲೂ ಆಗದೆ ಸರಿಯಾಗಿ ನಡುವೆ ನಿಂತಿದ್ದವರು. ಸ್ವಂತ ಇಚ್ಛೆಯಿಂದ ಬಂದವರು. ಆರು ತಿಂಗಳ ನಂತರ ಹೇಗಿದ್ದೀರಿ ಎಂಬುದಕ್ಕೆ ಉತ್ತರ ಕೊಟ್ಟವರೂ ಅವರೇ. ಕೈಯಲ್ಲಿ ಮೂರು ತಿಂಗಳ ಖರ್ಚಿಗೂ ಹಣವಿಲ್ಲದವರು, ಮನೆಯ ಸಾಲ ಕಟ್ಟುತ್ತಿರುವವರು ಅವರಲ್ಲಿ ಎಷ್ಟಿದ್ದರೋ. ಅಂಥವರು ಮೊದಲು ಆ ನಡುವಿನ ಪರಿಚಯದವರಿಗೆ ಒಂದು ಸಾಲು ಬರೆಯಲಿ, ಉತ್ತರ ಬಂದ ಮೇಲೆ ನಾಣ್ಯ ಹುಡುಕಲಿ.